ಪೂರ್ವದ ಒಡ್ಡು

೧೧ ಜುಲೈ, ಭಾನುವಾರ

ಭಿಟ್ಠಾ ಬಾಜಾರ್. ವಾರದಿಂದ ಮಳೆ. ನೇಪಾಳದ ಬೆಟ್ಟಗಳಲ್ಲಿ ಇನ್ನೂ ಜೋರು ಎಂದು ರೇಡಿಯೋ ಹೇಳಿತು. ಹೊಸ ಮನೆಯ ಸುಣ್ಣ ಪೂರ್ತಿ ಒಣಗಿಲ್ಲ. ಗೋಡೆಗೆ ಒರಗಿದರೆ ಬೆನ್ನು ಬಿಳಿಯಾಗುತ್ತದೆ.

ನಮ್ಮ ಬಾಲಿಕಾ ಪ್ರೌಢಶಾಲೆಗೆ ಐವತ್ತು ತುಂಬುತ್ತದೆ. ಸ್ಮರಣ ಸಂಚಿಕೆಗೆ ‘ನಮ್ಮೂರು: ಭೂಗೋಳ ಮತ್ತು ಹಿನ್ನೆಲೆ’ ಬರೆಯಲು ಚೌಧರಿ ಬಾಬು ನನಗೆ ಹೇಳಿದ್ದಾರೆ. ಅವರು ಶಾಲಾ ಸಮಿತಿಯ ಅಧ್ಯಕ್ಷರು, ಬಾಜಾರಿನ ಎಣ್ಣೆ ಗಿರಣಿ ಅವರದು. ಭೂಗೋಳ ಕಲಿಸುವವಳು ನಾನೊಬ್ಬಳೇ ಆದ್ದರಿಂದ ಬೇರೆ ಯಾರನ್ನೂ ಕೇಳುವಂತಿರಲಿಲ್ಲ. ಇಂದು ಮೊದಲ ಪ್ಯಾರಾ ಮುಗಿಸಿದೆ:

“ಭಿಟ್ಠಾ ಎಂದರೆ ಎತ್ತರದ ನೆಲ. ಹೆಸರಿಟ್ಟ ಕಾಲಕ್ಕೆ ಅದು ನಿಜವಿತ್ತು. ಕಮಲಾ ನದಿಯ ಎರಡೂ ಬದಿಗೆ ಒಡ್ಡು ಕಟ್ಟಿದ ಮೇಲೆ ಹೂಳು ಒಳಗೇ ಕೂತು ಹೊಳೆಯ ಪಾತ್ರ ಮೇಲೆದ್ದಿತು. ಈಗ ಹೊಳೆ ಎತ್ತರದಲ್ಲಿದೆ, ಊರು ತಗ್ಗಿನಲ್ಲಿದೆ. ಪಶ್ಚಿಮದ ಒಡ್ಡಿನ ಈಚೆ ಬಾಜಾರು. ಪೂರ್ವದ ಒಡ್ಡಿನ ಆಚೆ ಗೋಢಿಯಾರಿ ಟೋಲಾ ಎಂಬ ಕೇರಿ. ಅಲ್ಲಿಯ ಬೆಸ್ತರಾದ ಮಲ್ಲಾಹರು ಕೊಳಗಳಲ್ಲಿ ಮುಳುಗಿ ಮಖಾನದ ಬೀಜ ತೆಗೆಯುತ್ತಾರೆ, ಹುರಿದು ಬಡಿದು ಅರಳಿಸುತ್ತಾರೆ. ದೂರದ ಪೇಟೆಗಳಿಗೆ ನಮ್ಮೂರಿನ ಹೆಸರು ಗೊತ್ತಿರುವುದು ಆ ಮಖಾನದಿಂದ. ಟೋಲಾವನ್ನು ಬಿಟ್ಟರೆ ಊರಿಗೆ ಹಿನ್ನೆಲೆಯೇ ಇಲ್ಲ.”

ಕೊನೆಯ ವಾಕ್ಯ ಚೆನ್ನಾಗಿ ಬಂದಿದೆ.

ಇವರು ಔಷಧಿ ಅಂಗಡಿ ಮುಚ್ಚಿ ಬಂದ ಮೇಲೆ ಓದಿ ಹೇಳಿದೆ. “ಮಲ್ಲಾಹರ ಪುರಾಣ ಯಾರಿಗ್ಬೇಕೇ? ಚೌಧರಿ ಅವರಪ್ಪನ ಹೆಸರು ಎರಡು ಸಲ ಹಾಕು, ಲೇಖನ ಆಯ್ತು” ಎಂದು ಮೀನಿನ ಮುಳ್ಳು ಬಿಡಿಸತೊಡಗಿದರು. ಹಾಕುವುದಿಲ್ಲ.

೧೩ ಜುಲೈ, ಮಂಗಳವಾರ

ಪ್ರತಿ ಮಳೆಗಾಲದಂತೆ ಒಂಬತ್ತನೆಯ ತರಗತಿಯವರಿಂದ ಶಾಲೆಯ ಜಗಲಿಯಲ್ಲಿ ಊರಿನ ಮಾದರಿ ಮಾಡಿಸುತ್ತಿದ್ದೇನೆ. ಕೊಳದ ಜೇಡಿಮಣ್ಣು, ಬಿದಿರಿನ ಕಡ್ಡಿ, ಮರಳು. ನನ್ನ ನಿಯಮ ಒಂದೇ. ಪ್ರತಿ ಹುಡುಗಿ ತನ್ನ ಕೇರಿಯನ್ನು ತಾನೇ ನಡೆದು ನೋಡಿ ತಾನೇ ಮಾಡಬೇಕು. ಎತ್ತರ ತಗ್ಗು ಇದ್ದ ಹಾಗೆಯೇ ಬರಬೇಕು. ಚೆಂದ ಕಾಣಲೆಂದು ಏನನ್ನೂ ಬಿಡಬಾರದು.

ಪೂರ್ವದ ಭಾಗ ಮಾಡುತ್ತಿರುವವಳು ಸುನೈನಾ. ಗೋಢಿಯಾರಿ ಟೋಲಾದಿಂದ ಈ ತರಗತಿಯ ತನಕ ಬಂದವಳು ಅವಳೊಬ್ಬಳೇ. ಚೌಧರಿ ಬಾಬುವಿನ ತಮ್ಮನ ಮಗಳು ಪ್ರತಿಮಾ ಮೂಗು ಮುಚ್ಚಿಕೊಂಡು, “ದೀದಿ, ಇವಳು ಮುಟ್ಟಿದ ಮಣ್ಣೆಲ್ಲ ಮೀನು ನಾತ” ಎಂದಳು.

“ನಿಮ್ಮಜ್ಜಿ ಸತ್ತು ಸೂತಕ ಕಳೆದ ದಿನದ ಊಟಕ್ಕೆ ನಮ್ಮನೆಯಿಂದ ಬುಟ್ಟಿ ಬುಟ್ಟಿ ಮೀನು ಹೊತ್ಕೊಂಡು ಹೋದ್ರಲ್ಲ, ಅವತ್ತು ನಾತ ಬರ್ಲಿಲ್ವಾ?” ಎಂದಳು ಸುನೈನಾ, ತಲೆ ಎತ್ತದೆ. ನನಗೂ ನಗು ಬಂತು.

ಪೂರ್ವದ ಒಡ್ಡಿನಲ್ಲಿ, ಕಮಲಾ ಮಾಯಿಯ ಗುಡಿಯ ಪಕ್ಕ, ಅವಳು ಹೆಬ್ಬೆರಳು ಒತ್ತಿ ಗುಳಿ ಮಾಡಿ ಅದಕ್ಕೆ ಮರಳು ತುಂಬಿದ್ದಳು. ಇದೇನೆಂದು ಕೇಳಿದೆ.

“ಹೋದ್ವರ್ಷ ಕುಸಿದ ಜಾಗ, ದೀದಿ. ಗುತ್ತಿಗೆದಾರ ಜೇಡಿ ಹಾಕ್ಲೇ ಇಲ್ಲ. ಬರೀ ಮರಳು ತುಂಬ್ಸಿ ಮೇಲೆ ಹುಲ್ಲು ಹಾಸ್ದ. ನೋಡೋರಿಗೆ ಗಟ್ಟಿ ಕಾಣುತ್ತೆ. ಅದಕ್ಕೇ ಅಪ್ಪ ಮತ್ತೆ ಟೋಲಾದ ಗಂಡಸರೆಲ್ಲ ಅಲ್ಲೇ ಕೂತು ಕಾಯೋದು.”

ಪೂರ್ತಿ ಅಂಕ ಕೊಟ್ಟೆ. ಭೂಗೋಳ ಎಂದರೆ ಇದು, ಕಣ್ಣಿಗೆ ಕಾಣದ್ದನ್ನೂ ಬಲ್ಲವಳು ಇವಳು ಎಂದು ಎಲ್ಲರ ಮುಂದೆ ಹೊಗಳಿದೆ. ಕಿವಿಯವರೆಗೆ ಕೆಂಪಾದಳು.

೧೬ ಜುಲೈ, ಶುಕ್ರವಾರ

ಮಾದರಿ ಗಟ್ಟಿಯಾಗಿತ್ತು. ಎರಡು ಒಡ್ಡುಗಳ ನಡುವೆ ಚೊಂಬಿನಿಂದ ನೀರು ತುಂಬಿಸಿ, ಪಶ್ಚಿಮದ ಒಡ್ಡು ಒಡೆದರೆ ನೀರು ಮೊದಲು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ಒಬ್ಬಳು ಪೋಸ್ಟಾಫೀಸು ಎಂದಳು, ಇನ್ನೊಬ್ಬಳು ಸಂತೆ ಬಯಲು ಎಂದಳು. ಕಡ್ಡಿಯಿಂದ ಸೀಳಿದೆ. ನೀರು ಸೀದಾ ನಯಾ ಟೋಲಾಕ್ಕೆ ಹೋಗಿ, ಮೂಲೆಯ ಮನೆಯನ್ನು ಸುತ್ತುಗಟ್ಟಿ ನಿಂತಿತು.

“ಅಯ್ಯೋ ದೀದಿ, ನಿಮ್ಮನೇನೇ ಮೊದ್ಲು ಮುಳುಗ್ತು!” ಸುನೈನಾ ಚಪ್ಪಾಳೆ ತಟ್ಟಿ ನಕ್ಕಳು. ಎಲ್ಲರೂ ನಕ್ಕರು.

ಹೊಡೆದೆ. ಪಾಠದ ನಡುವೆ ಕೂಗಬಾರದು. ಅಷ್ಟು ಶಿಸ್ತು ಬೇಕು. ಆಮೇಲೆ ತರಗತಿ ಶಾಂತವಾಗಿತ್ತು.

ಮದುವೆಯಾದಂದಿನಿಂದ ಅತ್ತೆಯ ಮನೆಯ ಅಡುಗೆಕೋಣೆಯ ಪಕ್ಕದ ಕತ್ತಲೆ ಕೋಣೆಯಲ್ಲಿದ್ದೆ. ಈ ವೈಶಾಖದಲ್ಲಿ ಇಲ್ಲಿಗೆ ಬಂದೆವು. ಬಾಗಿಲು ಹಾಕಿಕೊಂಡು ಕೂತು ಬರೆಯಬಹುದಾದ ಕೋಣೆ ನನ್ನ ಬದುಕಿನಲ್ಲಿ ಇದೇ ಮೊದಲು. ನಿವೇಶನ ಕೊಳ್ಳುವಾಗ ಇವರು ನನ್ನನ್ನು ಕೇಳಿದ್ದರು: “ಭೂಗೋಳದ ಟೀಚರ್, ಜಾಗ ಹೇಗಿದೆ?” ಚೆನ್ನಾಗಿದೆ ಎಂದಿದ್ದೆ. ಕಿಟಕಿಯಿಂದ ಒಡ್ಡಿನ ಹಸಿರು ಹುಲ್ಲು ಕಾಣುತ್ತಿತ್ತು.

೧೯ ಜುಲೈ, ಸೋಮವಾರ

ಸುನೈನಾಳ ತಾಯಿ ಜಲೇಸರಿ ದೋಣಿಯಲ್ಲಿ ದಾಟಿ ಬಂದು ಎಂದಿನಂತೆ ಮಖಾನ ಕೊಟ್ಟಳು. ಒಳಗೆ ಬಾ ಎಂದೆ. ಕಾಲು ಕೆಸರು ಎಂದು ಹೊಸಿಲಾಚೆಯೇ ಕೂತಳು.

“ಮಗಳ ಕೆನ್ನೆ ಮೇಲೆ ಐದೂ ಬೆರಳು ಎಣಿಸ್ಬೋದಿತ್ತು ದೀದಿ. ಒಳ್ಳೆ ನಕಾಶೆ ಬರೆದಿದೀರ.”

“ಸಿಟ್ಟು ಬಂತಾ ಜಲೇಸರಿ?”

“ನನಗ್ಯಾಕೆ ಸಿಟ್ಟು? ಅವಳಪ್ಪನಿಗೆ ಬಂತು. ನಾನೇ ಬೈದೆ. ಅಕ್ಷರ ಕೊಟ್ಟ ಕೈ ಒಂದೇಟೂ ಕೊಡುತ್ತಪ್ಪ, ಎರಡನ್ನೂ ಇಟ್ಕೋಬೇಕು ಅಂದೆ.” ನಕ್ಕಳು. ಮಖಾನ ಹುರಿದು ಹುರಿದು ಬೆರಳ ತುದಿಗಳು ಕಪ್ಪಾಗಿ ಗಡುಸಾಗಿವೆ. ಬಿಸಿ ಲೋಟವನ್ನು ಸೆರಗಿಲ್ಲದೆ ಹಿಡಿಯುತ್ತಾಳೆ.

ಹೊಳೆ ಏರುತ್ತಿದೆಯಂತೆ. ಅವಳ ಗಂಡ ಬಿಲಟ್ ಸಹನಿ ಒಡ್ಡು ಬಿಟ್ಟು ಮನೆಗೇ ಬರುತ್ತಿಲ್ಲ, ಊಟವನ್ನೂ ಅಲ್ಲಿಗೇ ಒಯ್ಯಬೇಕು. “ಲಾಠಿ ಹಿಡ್ಕೊಂಡು ಹೊಳೆನ ಹೆದರಿಸ್ತಾನೆ. ಹೆಂಡ್ತಿ ಹೆದರ್ಲಿಲ್ಲ, ಕಮಲಾ ಮಾಯಿ ಹೆದರ್ತಾಳಾ?” ಎಂದಳು. ಲಾಠಿ ಹೊಳೆಗಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ನೀರು ಹೆಚ್ಚಾದಾಗ ಒಂದು ದಡದವರು ಇನ್ನೊಂದು ದಡದ ಒಡ್ಡು ಕಡಿಯುವುದು ಈ ಹೊಳೆಯ ಉದ್ದಕ್ಕೂ ಇರುವ ಮಾತು. ನಮ್ಮೂರಲ್ಲಿ ಹಾಗೆ ಆದದ್ದಿಲ್ಲ.

ಅವಳು ಹೋದ ಮೇಲೆ ಹೊಸಿಲು ತೊಳೆದೆ. ನೆಲ ಹೊಸದು, ಕಲೆ ಕೂತರೆ ಹೋಗುವುದಿಲ್ಲ.

೨೧ ಜುಲೈ, ಬುಧವಾರ

ಚೌಧರಿ ಬಾಬು, ಇವರು, ಬಾಜಾರಿನ ಇನ್ನಿಬ್ಬರು ಮಧ್ಯಾಹ್ನ ಶಾಲೆಗೆ ಬಂದರು. ಮಾದರಿ ನೋಡಬೇಕೆಂದರು. ನನಗೆ ಸಂತೋಷವಾಯಿತು. ಇಷ್ಟು ವರ್ಷದಲ್ಲಿ ಸಮಿತಿಯವರು ಅದನ್ನು ನೋಡಲು ಬಂದದ್ದು ಇದೇ ಮೊದಲು.

ಶುಕ್ರವಾರ ಸೀಳಿದ ಪಶ್ಚಿಮದ ಒಡ್ಡನ್ನು ಹುಡುಗಿಯರು ಮತ್ತೆ ಮೆತ್ತಿ ಸರಿಮಾಡಿದ್ದರು. ಚೌಧರಿ ಬಾಬು ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದರು. ಅಳತೆ ಸರಿಯಿದೆಯೇ ಎಂದು ಕೇಳಿದರು. ಉದ್ದಕ್ಕಿಂತ ಎತ್ತರವನ್ನು ಹೆಚ್ಚಿಸಿ ತೋರಿಸಿದ್ದೇವೆ, ಆದರೆ ತಗ್ಗು ದಿಣ್ಣೆಗಳ ಕ್ರಮ ತಪ್ಪಿಲ್ಲ ಎಂದು ವಿವರಿಸಿದೆ. ಅವರು ಮರಳಿನ ಗುಳಿಯ ಮೇಲೆ ಬೆರಳಿಟ್ಟರು. “ಇದೇನು?”

ನಾನು ಬಾಯಿ ತೆರೆಯುವ ಮೊದಲೇ ಕಂಬದ ಹತ್ತಿರ ನಿಂತಿದ್ದ ಸುನೈನಾ ಮುಂದೆ ಬಂದಳು. ಮೊನ್ನೆ ನನಗೆ ಹೇಳಿದ್ದನ್ನೇ ಇನ್ನಷ್ಟು ಸ್ಪಷ್ಟವಾಗಿ, ಕೈಕಟ್ಟಿಕೊಂಡು, ಇನ್ಸ್‌ಪೆಕ್ಟರ್ ಎದುರು ಪಾಠ ಒಪ್ಪಿಸುವಂತೆ ಹೇಳಿದಳು.

“ಶಹಬ್ಬಾಶ್! ಯಾರ ಮಗಳಮ್ಮಾ?”

“ಬಿಲಟ್ ಸಹನಿ ಮಗಳು, ಬಾಬು.”

“ಬಿಲಟ್‌ಗೆ ಇಂಥ ಮಗಳಾ! ಹೋಗಿ ಒಂದು ಚೊಂಬು ನೀರು ತಾ.”

ತಂದಳು. ಚೌಧರಿ ಬಾಬು ತಾವೇ ನೀರು ಹೊಯ್ದು, ಒಡ್ಡಿನ ಅಂಚಿನವರೆಗೆ ತುಂಬಿಸಿ, ಮರಳಿನ ಜಾಗವನ್ನು ಬೆರಳಿನಿಂದ ಎಳೆದರು. ಅದು ತಡೆಯಲೇ ಇಲ್ಲ. ನೀರೆಲ್ಲ ಪೂರ್ವಕ್ಕೆ ಹೋಯಿತು. ಪಶ್ಚಿಮದ ಒಡ್ಡಿಗೆ ತಾಗಿದ್ದ ನೀರು ನೋಡನೋಡುತ್ತ ಇಳಿದು ಬುಡ ಕಂಡಿತು. ಬಾಜಾರು, ಗಿರಣಿ, ಶಾಲೆ, ನಯಾ ಟೋಲಾ ಒಂದಕ್ಕೂ ಹನಿ ತಾಗಲಿಲ್ಲ. ಸುನೈನಾ ಮನೆಗಳ ಮಾಡಿಗೆ ಮಖಾನದ ಸಿಪ್ಪೆ ಇಟ್ಟಿದ್ದಳು. ಅವು ತೇಲುತ್ತ ಜಗಲಿಯ ಅಂಚಿಗೆ ಬಂದವು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಅವರು ಗೇಟು ದಾಟಿದ ಮೇಲೆ ಸುನೈನಾ ಕೇಳಿದಳು: “ಬಾಬು ಯಾಕೆ ದೀದಿ ನಮ್ಮ ಕಡೆ ಒಡ್ಡು ಒಡೆದ್ರು?”

“ಪ್ರಯೋಗ. ಎರಡೂ ಕಡೆ ಮಾಡಿ ನೋಡಬೇಕು.”

“ಹಂಗಾದ್ರೆ ಸರಿ” ಎಂದು ಸಿಪ್ಪೆಗಳನ್ನು ಆರಿಸಿ ಲಂಗದಲ್ಲಿ ಕಟ್ಟಿಕೊಂಡಳು.

ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬರುತ್ತದೆಂದು ನಾನೂ ಎಣಿಸಿರಲಿಲ್ಲ.

೨೨ ಜುಲೈ, ಗುರುವಾರ

ಶಾಲೆಗೆ ರಜೆ. ಪಶ್ಚಿಮದ ಒಡ್ಡಿನ ಬುಡದಲ್ಲಿ ನೀರು ಜಿನುಗುತ್ತಿದೆ. ನಮ್ಮ ಹಿತ್ತಲಿನಿಂದಲೇ ಕಾಣುತ್ತದೆ. ಪುಸ್ತಕಗಳನ್ನು ಅಟ್ಟಕ್ಕೇರಿಸಿದೆ.

೨೩ ಜುಲೈ, ಶುಕ್ರವಾರ

ಸಭೆ ನಮ್ಮ ಮನೆಯಲ್ಲೇ ಆಯಿತು. ಬಾಜಾರಿನಲ್ಲಿ ಕೂತರೆ ಮಾತು ಹೊಳೆ ದಾಟುತ್ತದೆ ಎಂದರು ಇವರು. ನನ್ನ ಕೋಣೆಯ ಮೇಜು ಗೋಡೆಗೆ ಸರಿಸಿ ಜಮಖಾನ ಹಾಸಿದೆ.

ಚೌಧರಿ ಬಾಬು ಸುತ್ತಿಬಳಸಿ ಮಾತಾಡಲಿಲ್ಲ. ಇನ್ನೊಂದು ಮೊಳ ಏರಿದರೆ ಪಶ್ಚಿಮದ ಒಡ್ಡು ಹೋಗುತ್ತದೆ. ಪೂರ್ವದ್ದು ಮೊದಲು ಹೋದರೆ ನಮ್ಮದು ಉಳಿಯುತ್ತದೆ. ಗಿರಣಿಯ ಆಳುಗಳು ಗುದ್ದಲಿ ಹಿಡಿದು ಮೇಲಿನ ಸೇತುವೆಯಿಂದ ಆಚೆ ದಡಕ್ಕೆ ಹೋಗಬಲ್ಲರು. ಮರಳಿನ ಜಾಗ, ಒಂದು ಗಂಟೆಯ ಕೆಲಸ. ಅಡ್ಡ ಇರುವುದು ಬಿಲಟ್‌ನ ಕಾವಲು.

“ಪೊಲೀಸರಿಗೆ ಹೇಳಿ ಎಬ್ಬಿಸೋಣ” ಎಂದರು ಒಬ್ಬರು.

“ಪೊಲೀಸ್ರು ಬಂದ್ರೆ ಕಾಗದ ಬರುತ್ತೆ, ಕಾಗದ ಬಂದ್ರೆ ಹೆಸರು ಬರುತ್ತೆ. ಸುಮ್ನಿರಪ್ಪ.”

ನಾನು ಚಹಾ ಕೊಡುತ್ತಿದ್ದೆ. ಆಚೆ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂದೆ. ಯಾರಾದರೂ ಹೇಳಬೇಕಾಗಿತ್ತು.

“ಬೆಹನ್‌ಜಿ, ಮೀನು ಮುಳುಗಿ ಸತ್ತಿದ್ದು ಎಲ್ಲಾದ್ರೂ ಕೇಳಿದೀರಾ?” ಎಂದರು ಚೌಧರಿ ಬಾಬು. ಎಲ್ಲರೂ ನಕ್ಕರು. ಇವರು ತೊಡೆ ತಟ್ಟಿಕೊಂಡು ನಕ್ಕರು. ನಾನು ನಗಲಿಲ್ಲ. ಲೋಟಗಳನ್ನು ತೆಗೆಯುವುದಿತ್ತು.

“ಮಧ್ಯಾಹ್ನ ಒಂದೇ ಒಂದು ಹೊತ್ತು ಗಂಡಸರನ್ನ ಈಚೆ ದಡಕ್ಕೆ ಕರೆಸ್ಬೇಕು. ಪರಿಹಾರದ ಅವಲಕ್ಕಿ-ಬೆಲ್ಲ ಬಂದಿದೆ ಅಂತ ತಮಟೆ ಹೊಡ್ಸಿದ್ರೆ?” ಎಂದು ಚೌಧರಿ ಬಾಬುವೇ ಮುಂದುವರಿಸಿದರು.

“ಬರಲ್ಲ. ನಮ್ಮ ಮಾತು ನಂಬಲ್ಲ ಅವರು.”

“ಯಾರ್ ಮಾತು ನಂಬ್ತಾರೆ?”

ಇವರು ನನ್ನ ಕಡೆ ನೋಡದೆಯೇ ಗಲ್ಲದಿಂದ ನನ್ನನ್ನು ತೋರಿಸಿದರು.

ಯೋಚಿಸಿ ಹೇಳುತ್ತೇನೆಂದೆ. ಆಗುವುದಿಲ್ಲ ಎಂದೇ ಹೇಳಬೇಕೆಂದಿದ್ದೆ. ಇಷ್ಟು ಜನರೆದುರು ಮುಖ ಮುರಿದಂತಾಗುತ್ತದೆಂದು ಹಾಗೆ ಹೇಳಿದೆ, ಅಷ್ಟೇ.

ಎದ್ದು ಹೋಗುವಾಗ ಚೌಧರಿ ಬಾಬು ಗೋಡೆ ಸವರಿ, “ಒಳ್ಳೆ ಮನೆ ಕಟ್ಟಿದೀರಮ್ಮ. ಪಾಪ” ಎಂದರು.

೨೪ ಜುಲೈ, ಶನಿವಾರ

ಹಿತ್ತಲಿನ ಸೌತೆಬಳ್ಳಿಯ ಬುಡದಲ್ಲಿ ನೀರು ನಿಂತಿದೆ. ಇವರು ಔಷಧಿ ಪೆಟ್ಟಿಗೆಗಳನ್ನು ಅತ್ತೆಯ ಮನೆಗೆ ಸಾಗಿಸಿದರು. ಅತ್ತೆ ಹೇಳಿ ಕಳಿಸಿದ್ದಾರೆ: “ಸೊಸೆಗೆ ಹೇಳು, ಅಡುಗೆಕೋಣೆ ಪಕ್ಕದ ಕೋಣೆ ಗುಡಿಸಿಟ್ಟಿದೀನಿ.” ಅವರು ಅದನ್ನು ಯಾವ ದನಿಯಲ್ಲಿ ಹೇಳಿರುತ್ತಾರೆಂದು ನನಗೆ ಗೊತ್ತು.

ಬೆಳಿಗ್ಗೆ ಜಲೇಸರಿ ಬಂದಳು. ಈ ನೀರಿನಲ್ಲಿ ದೋಣಿ ದಾಟಿಸುವುದು ಸುಲಭವಲ್ಲ. ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಮಖಾನದ ಗಂಟು ಮಾತ್ರ ಒದ್ದೆಯಾಗಿರಲಿಲ್ಲ. ಎದೆಗೆ ಅವುಚಿ ತಂದಿದ್ದಳು.

“ಇದು ಮಾರೋಕಲ್ಲ, ಇಟ್ಕೊಳ್ಳಿ. ಒಲೆ ಹಚ್ಚೋಕಾಗ್ದಿದ್ರೆ ಬಾಯಾಡ್ಸೋಕಾಗುತ್ತೆ. ನಿಮ್ಮನೆ ತಗ್ಗಲ್ಲಿದೆ ಅಂತ ಸುನೈನಾ ಒಂದೇ ಸಮ ಗೋಳು.”

ತೆಗೆದುಕೊಂಡೆ.

ಅವಳು ನಿಂತೇ ಇದ್ದಳು. “ದೀದಿ, ಒಂದು ಮಾತು. ಬಾಜಾರಿನೋರು ನಮ್ಮ ಒಡ್ಡು ಕಡೀತಾರಂತೆ ಅಂತ ಗುಸುಗುಸು. ಇವನು ಮೂರು ಹೊತ್ತೂ ಅದನ್ನೇ ಬಡ್ಕೋತಾನೆ. ನೀವು ಓದಿದೋರು, ದೊಡ್ಡೋರ ಜೊತೆ ಕೂರೋರು. ನಿಜವಾ?”

“ಇಲ್ಲ ಜಲೇಸರಿ. ಹಾಗೆಲ್ಲ ಯಾರೂ ಮಾಡಲ್ಲ.”

“ಕಮಲಾ ಮಾಯಿ ಆಣೆ?”

“ಆಣೆ ಯಾಕೆ? ನಾನು ಹೇಳ್ತಿಲ್ವಾ?”

“ಸಾಕು. ನೀವು ಹೇಳಿದ್ರೆ ಆಣೆ ಬೇಡ.” ಹಣೆ ಒರೆಸಿಕೊಂಡು ನಕ್ಕಳು. “ಆ ಮೊದ್ದನಿಗೆ ಹೇಳ್ತೀನಿ, ಒಂದು ರಾತ್ರಿಯಾದ್ರೂ ಬಂದು ಮಲಗ್ಲಿ.”

ನಾನು ಹೇಳಿದ್ದು ಸುಳ್ಳಲ್ಲ. ಆ ಹೊತ್ತಿಗೆ ಏನೂ ತೀರ್ಮಾನವಾಗಿರಲಿಲ್ಲ.

ಮಧ್ಯಾಹ್ನ ಲೇಖನ ತಿದ್ದಿದೆ. ಮೊದಲ ಪ್ಯಾರಾ ಉದ್ದವಾಗಿತ್ತು, ಭಾವುಕವೂ ಆಗಿತ್ತು. ಈಗ ಹೀಗಿದೆ: “ನದಿಯ ಪೂರ್ವಕ್ಕೆ ತಗ್ಗಾದ, ಸ್ವಭಾವತಃ ಜೌಗಾದ ಪ್ರದೇಶ. ಜನವಸತಿ ವಿರಳ. ಅಲ್ಲಲ್ಲಿ ಇರುವ ಕೆಲವು ಗುಡಿಸಲುಗಳ ಜನ ನೀರಿನೊಂದಿಗೆ ಬಾಳುವುದಕ್ಕೆ ತಲೆಮಾರುಗಳಿಂದ ಒಗ್ಗಿದವರು.” ವಾಕ್ಯಗಳು ಬಿಗಿಯಾಗಿವೆ. ಚೌಧರಿ ಬಾಬುವಿನ ತಂದೆಯ ಹೆಸರನ್ನೂ ಒಂದು ಕಡೆ ಸೇರಿಸಿದೆ. ಶಾಲೆಗೆ ಜಾಗ ಕೊಟ್ಟವರು ಅವರೇ. ಅದು ಸತ್ಯ ಸಂಗತಿ.

೨೫ ಜುಲೈ, ಭಾನುವಾರ

ಮಳೆ ನಿಂತಿದೆ, ನೀರು ಇಳಿದಿಲ್ಲ. ಒಡ್ಡಿನ ಬುಡದಲ್ಲಿ ಮೊದಲು ತಿಳಿನೀರು ಬರುತ್ತಿತ್ತು, ಬೆಳಿಗ್ಗೆಯಿಂದ ಕೆಂಪು ಬರುತ್ತಿದೆ. ಅದರ ಅರ್ಥ ಒಳಗಿನ ಮಣ್ಣು ಕರಗುತ್ತಿದೆ ಎಂದು. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ.

ತಿಂಡಿಯ ಹೊತ್ತಿಗೆ ಚೌಧರಿ ಬಾಬು ಬಂದರು. ಸರಿ ಎಂದೆ. ಅವರು ಕೈ ಮುಗಿದರು. ಊರಿನ ಮಾನ ಉಳಿಸಿದಿರಿ ಎಂದರು. ನಾನು ಮಾನಕ್ಕಾಗಿ ಒಪ್ಪಿದ್ದಲ್ಲ, ಲೆಕ್ಕಕ್ಕಾಗಿ. ಈಚೆ ಇರುವ ಮನೆಗಳೆಷ್ಟು, ಆಚೆ ಇರುವ ಮನೆಗಳೆಷ್ಟು. ಒಂದು ಕಡೆ ಹೋಗಲೇಬೇಕಾದರೆ ಯಾವ ಕಡೆ ಹೋಗಬೇಕೆಂದು ಯಾವ ಭೂಗೋಳದ ವಿದ್ಯಾರ್ಥಿನಿಯೂ ಹೇಳಬಲ್ಲಳು.

ಅವರ ಏರ್ಪಾಡಿನಲ್ಲಿ ದೋಷವಿತ್ತು. ತಮಟೆ ಹೊಡೆಸಿದರೆ ಹೆಂಗಸರು ಬುಟ್ಟಿ ಹಿಡಿದು ಬರುತ್ತಾರೆ, ಗಂಡಸರು ಒಡ್ಡಿನ ಮೇಲೇ ಉಳಿಯುತ್ತಾರೆ. ಹಾಗಾಗಬಾರದು. ಮನೆಯ ಯಜಮಾನನೇ ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು, ಬಾರದವರಿಗೆ ಮುಂದೆ ಏನೂ ಸಿಗುವುದಿಲ್ಲ ಎಂದು ಹೇಳಬೇಕೆಂದೆ. ಪರಿಹಾರದ ಪದ್ಧತಿ ಯಾವಾಗಲೂ ಹಾಗೇ ಇರುವುದರಿಂದ ಸಂಶಯ ಬರುವುದಿಲ್ಲ. ಅವಲಕ್ಕಿ ನಿಜವಾಗಿಯೂ ಇರಬೇಕು ಎಂದೂ ಹೇಳಿದೆ. ಶಾಲೆಯ ಅಂಗಳದಲ್ಲಿ ಮೂಟೆಗಳು ಕಾಣುವಂತೆ ಇಡಬೇಕು. ಕೊಡಲೂ ಬೇಕು. ನಾನು ಮೋಸ ಮಾಡುವವಳಲ್ಲ.

“ನಿಮ್ಮ ಹೆಂಡ್ತಿ ತಲೆ ಕಲೆಕ್ಟರ್ ತಲೆ ಕಣಯ್ಯ” ಎಂದು ಚೌಧರಿ ಬಾಬು ಇವರ ಬೆನ್ನು ತಟ್ಟಿದರು. ಇವರು ನನ್ನನ್ನು ನೋಡಿ ನಕ್ಕರು. ಬಹಳ ದಿನಗಳ ಮೇಲೆ.

ಗಂಡಸರು ಬಂದರೆ ದೋಣಿಗಳೆಲ್ಲ ಈಚೆ ದಡದಲ್ಲೇ ಇರುತ್ತವೆ, ಆಚೆಯ ಹೆಂಗಸರು ಮಕ್ಕಳಿಗೆ ಒಂದೂ ಉಳಿಯುವುದಿಲ್ಲ. ಇದು ನನಗೆ ಹೊಳೆದದ್ದು ಅವರು ಹೋದ ಮೇಲೆ. ಚೌಧರಿ ಬಾಬುವಿಗೆ ಹೇಳಿ ಕಳಿಸಬೇಕೆಂದುಕೊಂಡೆ. ಆದರೆ ದೋಣಿಯಿಲ್ಲದೆ ಗಂಡಸರು ದಾಟುವುದು ಹೇಗೆ? ಅದಕ್ಕೆ ಏನೂ ಮಾಡುವಂತಿಲ್ಲ. ಟೋಲಾದಲ್ಲಿ ಗುಡಿಯ ಕಟ್ಟೆ ಎತ್ತರದಲ್ಲಿದೆ. ಆದರೆ ಅದು ಮರಳಿನ ಜಾಗದ ಪಕ್ಕದಲ್ಲೇ ಇದೆ.

ಸುನೈನಾಳನ್ನಾದರೂ ಈಚೆ ಕರೆಸಿಕೊಳ್ಳಬಹುದೇ ಎಂದು ಇಡೀ ಮಧ್ಯಾಹ್ನ ಯೋಚಿಸಿದೆ. ಹೆಸರು ಬರೆಯಲು ಸಹಾಯಕ್ಕೆ ಬಾ ಎಂದರೆ ಕುಣಿಯುತ್ತ ಬರುತ್ತಾಳೆ. ಬಂದರೆ ಜಗಲಿಗೆ ಹೋಗುತ್ತಾಳೆ, ಮಾದರಿ ನೋಡುತ್ತಾಳೆ. ಮರಳಿನ ಜಾಗಕ್ಕೆ ಚೌಧರಿ ಬಾಬು ಇಟ್ಟ ಬೆರಳು, ಟೋಲಾದ ಗಂಡಸರೆಲ್ಲ ಒಂದೇ ಹೊತ್ತಿಗೆ ಈಚೆ. ಬೇರೆ ಯಾರಿಗೂ ಹೊಳೆಯದಿದ್ದರೂ ಅವಳಿಗೆ ಹೊಳೆಯುತ್ತದೆ. ನಾನೇ ಕಲಿಸಿದ ಹುಡುಗಿ. ಕೂಗಿ ಹೇಳಿಬಿಡುತ್ತಾಳೆ.

ಬೇಡ. ಅವಳು ತಾಯಿಯ ಹತ್ತಿರವೇ ಇರಲಿ.

ನಾಳೆ ಬೆಳಿಗ್ಗೆ ಹಾಲು ಕಾಯಿಸಿಟ್ಟು ದೋಣಿಕಟ್ಟೆಗೆ ಹೋಗುತ್ತೇನೆ. ಜಲೇಸರಿ ಬರುವ ಹೊತ್ತು ಅದು. ಯಜಮಾನರೆಲ್ಲ ಮಧ್ಯಾಹ್ನ ಶಾಲೆಗೆ ಬರಬೇಕು, ಬಿಲಟ್ ತಪ್ಪಿಸಬಾರದು ಎಂದು ನಾನೇ ಬಾಯಾರೆ ಹೇಳುತ್ತೇನೆ. ಬೇರೆ ಯಾರು ಹೇಳಿದರೂ ಅವಳು ಆಣೆ ಕೇಳುತ್ತಾಳೆ.